ಪೀಪಾಯಿಯಿಂದ ನಲವತ್ತು ಹೆಜ್ಜೆ

ನಕ್ಷೆಯವರನ್ನು ನಾನು ಮೊದಲ ಸಲ ಕಂಡ ದಿನ ನನ್ನ ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಆದ್ದರಿಂದ ಅಂದು ಅವರನ್ನು ಅರ್ಧವೇ ಕಂಡೆನೆಂದರೂ ತಪ್ಪಾಗಲಾರದು.

ಊರಿನ ದೊಡ್ಡ ಉದ್ಯಾನದಲ್ಲಿ ಕಡಲ್ಗಳ್ಳರ ಉತ್ಸವ ನಡೆದಿತ್ತು. ಸಮಿತಿಯವರು ಕತ್ತಿ, ಗರಿಯ ಟೋಪಿ, ಮರದ ಕಾಲು ಮೊದಲಾದ ಗೌರವದ ವೇಷಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡು, ಕೊನೆಗೆ ಉಳಿದ ಕಣ್ಣುಪಟ್ಟಿಯನ್ನು ನಿವೃತ್ತ ಮೇಷ್ಟರಾದ ನನಗೆ ಕಟ್ಟಿ ಬಾಗಿಲಲ್ಲಿ ಕೂರಿಸಿದ್ದರು. ಒಳಗೆ ಬರುವ ಪ್ರತಿ ಸಂಸಾರಕ್ಕೂ ಒಂದೊಂದು ನಿಧಿಯ ನಕ್ಷೆ ಕೊಡುವುದು ನನ್ನ ಕೆಲಸ. ಆ ನಕ್ಷೆ ಬರೆದವನೂ ನಾನೇ. ಜೀವಮಾನವೆಲ್ಲ ವ್ಯಾಕರಣ ಕಲಿಸಿದವನಿಗೆ ಚಿತ್ರ ಬರೆಯಲೂ ಬರಬೇಕೆಂಬ ನಿಯಮವಿಲ್ಲ. ನನ್ನ ಪೀಪಾಯಿ ಕುಂಬಳಕಾಯಿಯ ಹಾಗಿತ್ತು; ನನ್ನ ಫಿರಂಗಿ ಮಲಗಿದ ಹಂದಿಯ ಹಾಗಿತ್ತು. ವಿಷಯ ಮಾತ್ರ ಸ್ಪಷ್ಟವಾಗಿತ್ತು. ಫಿರಂಗಿಯ ಪಕ್ಕದ ಪೀಪಾಯಿಯ ಬಳಿ ನಿಲ್ಲಿ, ಅಲ್ಲಿಂದ ಪಡುವಣಕ್ಕೆ ನಲವತ್ತು ಹೆಜ್ಜೆ ನಡೆಯಿರಿ, ನಿಧಿಯ ಪೆಟ್ಟಿಗೆ ಅಲ್ಲೇ ಇದೆ, ಅಗೆಯಬೇಡಿ. ("ಅಗೆಯಬೇಡಿ" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಹಿಂದಿನ ವರ್ಷ ಹೂವಿನ ಪಾತಿಗಳನ್ನು ನೋಡಿ ಉದ್ಯಾನದ ಮಾಲಿ ಅತ್ತುಬಿಟ್ಟಿದ್ದ.)

ನಕ್ಷೆ ತೆಗೆದುಕೊಂಡವರೆಲ್ಲ ನಕ್ಕು ಮುಂದೆ ಹೋದರು. ಒಬ್ಬರು ಮಾತ್ರ ಹೋಗಲಿಲ್ಲ. ಐವತ್ತರ ಆಸುಪಾಸು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು, ಸೊಂಟದಲ್ಲಿ ಉಕ್ಕಿನ ಅಳತೆಟೇಪು. ಹಾಳೆಯನ್ನು ಒಮ್ಮೆ ನೇರವಾಗಿ ಹಿಡಿದರು, ಒಮ್ಮೆ ಅಡ್ಡ ಹಿಡಿದರು, ಬಳಿಕ ನನ್ನ ತೆರೆದಿದ್ದ ಒಂದು ಕಣ್ಣನ್ನು ನೋಡಿ, "ಉತ್ತರ ಎಲ್ಲಿ?" ಎಂದರು.

ಮೇಷ್ಟರ ಅಭ್ಯಾಸ, ಯಾವ ಪ್ರಶ್ನೆಗೆ ಎಂದು ಕೇಳಿದೆ.

"ಉತ್ತರ ದಿಕ್ಕು, ಸ್ವಾಮಿ. ಬಾಣದ ಗುರುತೇ ಇಲ್ಲವಲ್ಲ. ಅಳತೆ ಪ್ರಮಾಣವೂ ಇಲ್ಲ. ನಲವತ್ತು ಹೆಜ್ಜೆ ಅಂದಿದ್ದೀರಿ, ಯಾರ ಹೆಜ್ಜೆ?"

ಅವರ ಹಿಂದೆ ನಿಂತಿದ್ದ ಹೆಂಡತಿ, "ನಡೀರಿ, ಹಿಂದಿನವರು ಕಾಯ್ತಿದ್ದಾರೆ" ಎಂದು ಮೊಣಕೈಯಿಂದ ತಿವಿದರು. ಪಕ್ಕದಲ್ಲಿ ಕಾಗದದ ಟೋಪಿಯ ಒಂಬತ್ತು ವರ್ಷದ ಮಗಳು. ಅವಳಾಚೆ ನಾಲ್ಕು ಚೀಲಗಳನ್ನು ಹಿಡಿದ ಅತ್ತೆ, ಹೆಂಡತಿಯ ತಾಯಿ. ಅವರು ಒಳಗೆ ಹೋದರು. ಅನಂತರ ನಡೆದದ್ದರಲ್ಲಿ ಸ್ವಲ್ಪ ನಾನೇ ಕಂಡದ್ದು. ಉಳಿದದ್ದು ಆಮೇಲೆ ಆ ಮನೆಯೊಡನೆ ಬೆಳೆದ ಒಡನಾಟದಲ್ಲಿ ಕೇಳಿದ್ದು. ಗಂಡ ಹೇಳಿದ್ದರಲ್ಲಿ ಅಂಕಿಗಳು ಹೆಚ್ಚು, ಹೆಂಡತಿ ಹೇಳಿದ್ದರಲ್ಲಿ ಸತ್ಯ ಹೆಚ್ಚು. ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ನಕ್ಷೆಯವರು ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕುಳಿತು ಊರಿನ ಬೀದಿಗಳನ್ನೂ ಚರಂಡಿಗಳನ್ನೂ ಹಾಳೆಯ ಮೇಲೆ ಇಳಿಸಿದವರು. ಕಚೇರಿಯಲ್ಲಿ ಅವರ ಗೆರೆ ತಪ್ಪಿದ್ದಿಲ್ಲ. ಆ ಗೆರೆಯನ್ನು ಮನೆಗೂ ತಂದದ್ದೇ ತೊಂದರೆ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಒಳಗಿನ ಡಬ್ಬಗಳ ನಕ್ಷೆ ಅಂಟಿಸಿದ್ದರು. ಅದನ್ನು ನಂಬಿ ಅವರ ಹೆಂಡತಿ ಒಂದು ದಿನ ಚಹಾಕ್ಕೆ ಉಪ್ಪು ಹಾಕಿದರು. ನೆಂಟರ ಮನೆಗೆ ಹೊರಟರೆ ಮೊದಲು ದಾರಿಯ ನಕ್ಷೆ ಸಿದ್ಧವಾಗಬೇಕು. ಅದು ಮುಗಿಯುವ ಹೊತ್ತಿಗೆ ನೆಂಟರು ಊಟ ಮುಗಿಸಿ ಮಲಗಿರುತ್ತಿದ್ದರು. "ಇವರ ನಕ್ಷೆ ಹಿಡ್ಕೊಂಡು ಹೊರಟ್ರೆ ನಮ್ಮನೆಗೆ ನಾವೇ ನೆಂಟರಾಗಿ ಬರ್ತೀವಿ" ಎಂದು ಹೆಂಡತಿ ಬಂದವರೆದುರಿಗೇ ಹೇಳುತ್ತಿದ್ದರು. ಅಳತೆ ತಪ್ಪದಂತೆ ಕಟ್ಟಿದ ಗಾಳಿಪಟ ಹಾರಲಿಲ್ಲ. ಲೆಕ್ಕ ಹಾಕಿ ತೂಗುಹಾಕಿದ ಕನ್ನಡಿಯಲ್ಲಿ ಮನೆಯವರ ಮುಖ ಬಿಟ್ಟು ಎದುರುಮನೆಯವರದು ಕಾಣುತ್ತಿತ್ತು. ಒಟ್ಟಿನಲ್ಲಿ ಅಳತೆಟೇಪಿನ ಮೇಲಿನ ವಿಶ್ವಾಸ ಆ ಮನೆಯಲ್ಲಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ, ಈಗ ಒಬ್ಬಳಲ್ಲಿ ಮಾತ್ರ ಉಳಿದಿತ್ತು.

ಅವಳೇ ಮಗಳು, ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಅಪ್ಪ ಅಳೆದರೆ ತಪ್ಪುವುದಿಲ್ಲವೆಂದು ಗುಬ್ಬಿ ಶಾಲೆಯಲ್ಲೂ ವಾದ ಮಾಡಿ ಬಂದಿದ್ದಳು. ಉತ್ಸವದಲ್ಲಿ ನಿಧಿ ಸಿಕ್ಕವರನ್ನು ಕಪ್ತಾನರನ್ನಾಗಿ ಮಾಡಿ, ಚಕ್ರದ ಮೇಲೆ ಕಟ್ಟಿದ ಹಡಗಿನಲ್ಲಿ ಕೂರಿಸಿ ಮೆರವಣಿಗೆ ಮಾಡುತ್ತಿದ್ದರು. ಆ ಹಡಗಿನ ಮುಂಭಾಗದಲ್ಲಿ ಒಂದು ಹಿತ್ತಾಳೆಯ ಗಂಟೆ. ಹಿಂದಿನ ವರ್ಷ ಯಾರದೋ ಮಗು ಅದನ್ನು ಬಾರಿಸುವುದನ್ನು ಗುಬ್ಬಿ ಜನರ ಕಾಲುಗಳ ನಡುವಿನಿಂದ ನೋಡಿದ್ದಳು. ಅಂದಿನಿಂದ ಅವಳಿಗೆ ಬೇರೆ ಆಸೆಯಿಲ್ಲ. ತಿಂಗಳಿನಿಂದ ಚಮಚ ಹಿಡಿದು ಸ್ಟೀಲಿನ ಲೋಟ ಬಾರಿಸುತ್ತ ಅಭ್ಯಾಸ ಮಾಡುತ್ತಿದ್ದಳು; ಲೋಟಗಳೆಲ್ಲ ತಗ್ಗುಬಿದ್ದಿದ್ದವು.

"ಗಂಟೆ ನಿನ್ನದೇ ಅಂದ್ಕೋ. ಜನ ಸುಳ್ಳು ಹೇಳ್ತಾರೆ, ಟೇಪು ಸುಳ್ಳು ಹೇಳಲ್ಲ" ಎಂದು ನಕ್ಷೆಯವರು ಮಾತು ಕೊಟ್ಟಿದ್ದರು. ಮಗುವಿಗೆ ಮಾತು ಕೊಡಬೇಡಿ ಎಂದು ಹೆಂಡತಿ ಬುದ್ಧಿ ಹೇಳಿದ್ದು ಆ ಮಾತಾದ ಮೇಲೆ. ಅಷ್ಟರಲ್ಲಿ ಗುಬ್ಬಿ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿ ಬಂದಾಗಿತ್ತು.

ಇನ್ನು ಅತ್ತೆ. ಅವರು ನದಿ ದಾಟಿಸುವ ಲಾಂಚಿನ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕುಳಿತವರು. ಎದುರಿಗೆ ಸಾಲು ಇರುವ ತನಕ ಕೂತ ಜಾಗ ಬಿಡಬಾರದು ಎಂಬುದು ಅವರ ವೃತ್ತಿಧರ್ಮ. ಒಮ್ಮೆ ಮೇಲಧಿಕಾರಿ ತಪಾಸಣೆಗೆ ಬಂದು, ಸ್ವಲ್ಪ ಏಳಿ, ಖಾನೆ ನೋಡಬೇಕು ಎಂದಾಗ ಇವರು ತಲೆಯೆತ್ತದೆ, "ಸಾಲಿನ ಕೊನೆಗೆ ನಿಲ್ಲಿ" ಎಂದಿದ್ದರಂತೆ. ಅಧಿಕಾರಿ ಹೋಗಿ ನಿಂತಿದ್ದರಂತೆ. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದು ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ, ಕುಳಿತ ಅತ್ತೆಯನ್ನು ಏಳಿ ಎನ್ನುವ ಪ್ರಸಂಗ ಅಳಿಯಂದಿರಿಗೆ ಎಷ್ಟೋ ಸಲ ಬಂದಿತ್ತು. ಪ್ರತಿ ಸಲವೂ ಅವರು ಬೇರೆ ಉಪಾಯ ಹುಡುಕಿಕೊಂಡಿದ್ದರು.

ಉದ್ಯಾನದೊಳಗೆ ಹೋದ ಹತ್ತೇ ನಿಮಿಷಕ್ಕೆ ಅತ್ತೆಯ ಮೊಣಕಾಲು ಹಿಡಿಯಿತು. ಸುತ್ತ ನೋಡಿದರು. ಒಂದು ಮರದ ಕೆಳಗೆ, ಒಳ್ಳೆಯ ನೆರಳಿನಲ್ಲಿ, ಕೂರಲು ಹೇಳಿ ಮಾಡಿಸಿದ ಎತ್ತರದಲ್ಲಿ, ಹಾಯಿಬಟ್ಟೆ ಹೊದಿಸಿದ ಏನೋ ಒಂದು ಕಂಡಿತು. ನೀವು ನಿಧಿ ಹುಡುಕಿಕೊಂಡು ಬನ್ನಿ, ನಾನು ಚೀಲ ಕಾಯುತ್ತೇನೆ ಎಂದು ಅದರ ಮೇಲೆ ಶಾಲು ಹಾಸಿ ಕುಳಿತರು. ಆಗ ಹನ್ನೊಂದೂ ಕಾಲು.

ಅದು ನಿಧಿಯ ಪೆಟ್ಟಿಗೆ. ಬೆಳಿಗ್ಗೆ ನಾನೇ ತಂದಿಟ್ಟು ಬಟ್ಟೆ ಹೊದಿಸಿದ್ದೆ. ನೆರಳಿನಲ್ಲಿರುವ ಪೆಟ್ಟಿಗೆ ಮೊಣಕಾಲು ನೋವಿನವರಿಗೆ ಬೆಂಚಾಗಿ ಕಾಣುತ್ತದೆಂದು ನನಗೆ ತಿಳಿಯಬೇಕಿತ್ತು, ನನಗೂ ಮೊಣಕಾಲುಗಳಿವೆ. ಆದರೆ ನಾನು ಬಾಗಿಲಲ್ಲಿದ್ದೆ. ಮರ ಅಲ್ಲಿಗೆ ಕಾಣುವಂತಿರಲಿಲ್ಲ.

ನಕ್ಷೆಯವರು ಪೀಪಾಯಿಯ ಬಳಿ ದಿಕ್ಸೂಚಿ ಇಟ್ಟು ಪಡುವಣ ಗೊತ್ತುಮಾಡಿ, ಕೆಲಸಕ್ಕೆ ತೊಡಗಿದರು. ಅವರ ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರು. ಇದನ್ನು ಅವರು ಮದುವೆಗೆ ಮೊದಲೇ ಅಳೆದಿಟ್ಟುಕೊಂಡಿದ್ದರು. ನಲವತ್ತು ಹೆಜ್ಜೆಗೆ ಮೂವತ್ತು ಮೀಟರು. ಗುಬ್ಬಿ ಟೇಪಿನ ತುದಿ ಹಿಡಿದಳು. ಗೆರೆ ನೇರವಾಗಿ ಮರದ ಕೆಳಗೆ, ಅತ್ತೆ ಕುಳಿತಲ್ಲಿಗೇ ಬಂತು. "ಸ್ವಲ್ಪ, ಅತ್ತೆ" ಎಂದು ಟೇಪನ್ನು ಅವರ ತಲೆಯ ಮೇಲಿಂದ ಎತ್ತಿ ಆಚೆಗೆ ಇಳಿಸಿದರು. ಮೂವತ್ತು ಮೀಟರಿಗೆ ಸರಿಯಾಗಿ ಪ್ರಥಮ ಚಿಕಿತ್ಸೆಯ ಡೇರೆ. ಒಳಗೆ ಮಂಚದ ಕೆಳಗೆ ಬಗ್ಗಿ ನೋಡಿದ ನಕ್ಷೆಯವರನ್ನು ತಲೆಸುತ್ತು ಬಂದವರೆಂದು ತಿಳಿದು ನರ್ಸಮ್ಮ ಮಲಗಿಸಿ, ಕಾಲೆತ್ತಿ ಇಟ್ಟು, ಕಾಲು ಗಂಟೆ ಬಿಡಲಿಲ್ಲ.

ಹೊರಗೆ ಬಂದವರೇ ಹೊಸ ಸಿದ್ಧಾಂತ ಮಂಡಿಸಿದರು. ನಿಧಿ ಹೂತವನು ಕಳ್ಳ. ಆದ್ದರಿಂದ ಹೆಜ್ಜೆಯೂ ಕಳ್ಳನದೇ ಆಗಬೇಕು. ಬಾಗಿಲಿನ ಫಲಕದಲ್ಲಿ ಬರೆದಿದ್ದ ಕಡಲ್ಗಳ್ಳ ಆಳಿಗೆ ಒಂದೂವರೆ ಆಳಿನಷ್ಟಿದ್ದ. ಅವನ ಚಿತ್ರವನ್ನು ಅಳೆದು ಹೆಜ್ಜೆಗೆ ತೊಂಬತ್ತೆರಡು ಸೆಂಟಿಮೀಟರು ಎಂದು ಗೊತ್ತುಮಾಡಿದರು. ಮತ್ತೆ ಪೀಪಾಯಿ, ಮತ್ತೆ ಟೇಪು, ಮತ್ತೆ "ಸ್ವಲ್ಪ, ಅತ್ತೆ". ಮೂವತ್ತಾರು ಮೀಟರು ಎಂಬತ್ತು ಸೆಂಟಿಮೀಟರಿಗೆ ಅವರು ಕೊಳದ ಕೆಸರಿನಲ್ಲಿದ್ದರು. ಕಾಲು ಮೇಲೆ ಬಂತು, ಬೂಟು ಬರಲಿಲ್ಲ.

"ಕಳ್ಳ ಈಜ್ತಾ ಹೋಗಿ ಹೂತಿದ್ದನೇನು?" ಎಂದು ಹೆಂಡತಿ ದಡದಲ್ಲಿ ನಿಂತು ಕೇಳಿದರು.

ಅಪ್ಪ ಲೆಕ್ಕ ಮಾಡುವಾಗ ಮಾತಾಡಬೇಡ ಎಂದು ಗುಬ್ಬಿ ಅಮ್ಮನನ್ನು ಗದರಿದಳು. ಆ ಮಾತು ಕೇಳಿ ನಕ್ಷೆಯವರಿಗೆ ಬೂಟು ಹೋದ ದುಃಖ ಹೋಗಿ, ಅದಕ್ಕಿಂತ ದೊಡ್ಡ ಚಿಂತೆ ಹಿಡಿಯಿತು. ಆಗ ಮೂರು ಗಂಟೆ. ನಾಲ್ಕಕ್ಕೆ ಫಿರಂಗಿ ಹಾರಿಸುತ್ತಾರೆ. ಅಷ್ಟರೊಳಗೆ ಯಾರಿಗೂ ನಿಧಿ ಸಿಗದಿದ್ದರೆ ಸಮಿತಿಯ ಅಧ್ಯಕ್ಷರೇ ಹಡಗು ಹತ್ತಿ ಗಂಟೆ ಬಾರಿಸುತ್ತಾರೆ. (ಅಧ್ಯಕ್ಷರು ವೃತ್ತಿಯಿಂದ ಕ್ಷೌರಿಕರು, ಸಜ್ಜನರು. ಆದರೆ ಗಂಟೆ ಬಾರಿಸುವ ಆಸೆ ಅವರಿಗೂ ಇತ್ತು. ಆ ಕಾರಣಕ್ಕೇ ಅವರು ಅರ್ಧ ಗಂಟೆಗೊಮ್ಮೆ ಬಂದು, ಸಿಕ್ಕಿತಾ, ಇಲ್ಲ ತಾನೆ, ಎಂದು ನನ್ನನ್ನು ವಿಚಾರಿಸಿ ಹೋಗುತ್ತಿದ್ದರು.)

ಹಾಗಾದರೆ ಉಳಿದ ಸಂಸಾರಗಳೆಲ್ಲ ಏನು ಮಾಡುತ್ತಿದ್ದವು? ಅವೂ ಆ ಮರದ ಹತ್ತಿರಕ್ಕೇ ಬರುತ್ತಿದ್ದವು. ನಾಲ್ಕು ಚೀಲಗಳ ನಡುವೆ, ಬೆನ್ನು ನೆಟ್ಟಗೆ ಮಾಡಿ, ಕನ್ನಡಕದ ಮೇಲಿಂದ ನೋಡುತ್ತ ಕುಳಿತ ಹೆಂಗಸನ್ನು ಕಂಡು ಅವರು ಉತ್ಸವದ ವಿಚಾರಣೆಯವರೇ ಇರಬೇಕೆಂದುಕೊಂಡು, ನಿಧಿ ಯಾವ ಕಡೆ ಎಂದು ಕೇಳುತ್ತಿದ್ದರು. ಕೇಳಿದವರಿಗೆ ದಾರಿ ಹೇಳದೆ ಕಳಿಸುವುದು ಅತ್ತೆಯ ರಕ್ತದಲ್ಲಿಲ್ಲ. ಎಲ್ಲರೂ ಕೊಳದ ಕಡೆ ಹೋಗುತ್ತಿದ್ದಾರೆ, ನೀವೂ ಹೋಗಿ, ಎನ್ನುತ್ತಿದ್ದರು. ಇನ್ನೂ ಎಳೆ ಮಕ್ಕಳಿದ್ದರೆ, ನೀರಿನ ಹತ್ತಿರ ಹುಷಾರು, ಎಂದು ಸೇರಿಸುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ನಿಂತು ಅಲ್ಲೊಂದು ಸಾಲೇ ಆಯಿತು. ಸಾಲು ಇರುವ ತನಕ ಏಳುವ ಮಾತಿಲ್ಲ. ಮಧ್ಯಾಹ್ನದ ಬುತ್ತಿಯನ್ನೂ ಅವರು ಅಲ್ಲೇ, "ಮುಂದಿನವರು" ಎನ್ನುತ್ತಲೇ ತಿಂದರು. ಇಡೀ ಉತ್ಸವ ಕೊಳದ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು.

ಮೂರೂ ಕಾಲಿಗೆ ನಕ್ಷೆಯವರು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು ಎಂಬ ಸ್ಥಿತಿಯಲ್ಲಿ ನನ್ನ ಬಳಿಗೆ ಬಂದರು. ನಕ್ಷೆ ಬರೆದವರು ಯಾರು ಎಂದರು. ನಾನೇ ಎಂದು ಒಪ್ಪಿಕೊಂಡೆ. ಬಾಗಿ, ನನ್ನ ಹಿಮ್ಮಡಿಯ ಬಳಿ ಸೀಮೆಸುಣ್ಣದ ಗುರುತು ಹಾಕಿ, ಹತ್ತು ಹೆಜ್ಜೆ ನಡೆಯಿರಿ ಎಂದರು. ಇಷ್ಟು ವರ್ಷ ನಾನು ಹುಡುಗರಿಗೆ ಮಾಡಿದ್ದನ್ನು ಅಂದು ನನಗೆ ಮಾಡಿದ ಹಾಗಾಯಿತು. ನಡೆದೆ. ಟೇಪು ಹಿಡಿದು ನೋಡಿ, "ಐವತ್ತೆಂಟು" ಎಂದರು. ನಾನು ಕುಳ್ಳನೆಂಬುದು ನನಗೆ ಗೊತ್ತಿತ್ತು. ಎಷ್ಟು ಎಂಬುದು ಅಂದು ತಿಳಿಯಿತು.

ಐವತ್ತೆಂಟನ್ನು ನಲವತ್ತರಿಂದ ಗುಣಿಸಿದರೆ ಇಪ್ಪತ್ಮೂರು ಮೀಟರು ಇಪ್ಪತ್ತು ಸೆಂಟಿಮೀಟರು. ಪೀಪಾಯಿಯ ಬಳಿ ಗುಬ್ಬಿ ತುದಿ ಹಿಡಿದಳು. ನಕ್ಷೆಯವರು ಬಗ್ಗಿ, ಟೇಪನ್ನೇ ನೋಡುತ್ತ, ಮುಂದಕ್ಕೆ ಹೋದರು. ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ಮೂರು ಮೀಟರು ಇಪ್ಪತ್ತು ಸೆಂಟಿಮೀಟರಿಗೆ ಬೆರಳಿಟ್ಟು ನಿಂತರು. ಬೆರಳು ಒಂದು ಚಪ್ಪಲಿಗೆ ತಾಗಿತು. ಚಪ್ಪಲಿಯ ಮೇಲೆ ಅತ್ತೆ ಇದ್ದರು.

"ಏನು?" ಎಂದರು ಅತ್ತೆ.

ನಕ್ಷೆಯವರು ಹಾಯಿಬಟ್ಟೆಯನ್ನು ನೋಡಿದರು. ಅದರ ಅಂಚಿನಡಿಯಿಂದ ಇಣುಕುತ್ತಿದ್ದ ಕಬ್ಬಿಣದ ಪಟ್ಟಿಯನ್ನು ನೋಡಿದರು. ಇಪ್ಪತ್ತೆಂಟು ವರ್ಷದ ವೃತ್ತಿಜೀವನದಲ್ಲಿ ಇಷ್ಟು ಸರಿಯಾದ ಅಳತೆ ಅವರ ಕೈಗೆ ಬಂದಿರಲಿಲ್ಲ. "ಅತ್ತೆ, ಸ್ವಲ್ಪ ಏಳಿ" ಎಂಬ ಮೂರು ಪದ ನಾಲಿಗೆಯ ತುದಿಗೆ ಬಂದವು. ಅತ್ತೆಯ ಎದುರಿಗೆ ಆರು ಜನ ಸಾಲಿನಲ್ಲಿದ್ದರು. ಅತ್ತೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಏನಿಲ್ಲ ಅತ್ತೆ."

"ಮತ್ತೆ ಟೇಪು ಯಾಕೆ ನನ್ನ ಕಾಲಿಗೆ ತಾಗಿಸ್ತಿದ್ದೀರಿ?"

"ಗಾಳಿಗೆ ಬಂತು."

ಉಕ್ಕಿನ ಟೇಪು ಗಾಳಿಗೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸಾಲಿನವರು ಹಿಂದಿನಿಂದ ತಳ್ಳಿದರು; ನಕ್ಷೆಯವರು ಟೇಪು ಸುತ್ತಿಕೊಂಡು ಪೀಪಾಯಿಗೆ ಮರಳಿದರು. ಗುಬ್ಬಿ ಟೋಪಿ ಸರಿಮಾಡಿಕೊಂಡು ಕಾಯುತ್ತಿದ್ದಳು.

"ಸಿಕ್ತಾ ಅಪ್ಪ?"

"ಇಲ್ಲ ಪುಟ್ಟಿ. ಅಲ್ಲಿ ಅಜ್ಜಿ ಬಿಟ್ಟು ಬೇರೆ ಏನೂ ಇಲ್ಲ. ನನ್ನ ಲೆಕ್ಕ ತಪ್ಪಿತ್ತು."

ಸರಿಯಾದ ಲೆಕ್ಕವನ್ನು ತಪ್ಪೆಂದು ಅವರು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಗುಬ್ಬಿ ಅವರ ಮುಖ ನೋಡಿದಳು, ಟೇಪು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎಂದು ನಕ್ಷೆಯವರು ಆಮೇಲೆ ನನ್ನೊಡನೆ ಹೇಳಿಕೊಂಡರು. ಬಾಯಾರಿಕೆ, ಅಜ್ಜಿಯ ಚೀಲದಲ್ಲಿ ನೀರಿದೆ, ಎಂದಷ್ಟೇ ಹೇಳಿ ಅವಳು ಮರದ ಕಡೆ ಹೋದಳು. ನಕ್ಷೆಯವರು ಪೀಪಾಯಿಯ ಮೇಲೆ ಕುಳಿತು ಕೆಸರಿನ ಕಾಲನ್ನು ನೋಡಿಕೊಂಡರು. ಹೆಂಡತಿ ಪಕ್ಕದಲ್ಲಿ ನಿಂತರು. ಮರದ ಕಡೆ ನೋಡಿದರು.

ನಾಲ್ಕಕ್ಕೆ ಎರಡು ನಿಮಿಷವಿತ್ತು. ಅಧ್ಯಕ್ಷರು ಗರಿಯ ಟೋಪಿ ಕೊಡವಿ ಹಡಗಿನ ಏಣಿಗೆ ಕಾಲಿಟ್ಟಿದ್ದರು. ಆಗ ಮರದ ಕಡೆಯಿಂದ ಕೂಗು ಕೇಳಿಸಿತು. ನಾನೂ ಬಾಗಿಲು ಬಿಟ್ಟು ಓಡಿದೆ.

ನಡೆದದ್ದು ಇಷ್ಟು. ಗುಬ್ಬಿ ನೀರು ಕುಡಿಯಲಿಲ್ಲ. ನೇರವಾಗಿ ಹೋಗಿ, "ಅಜ್ಜಿ, ಏಳ್ತೀಯಾ?" ಎಂದಳು. ಸಾಲು ಇದೆಯಲ್ಲ ಮಗು ಎಂದರು ಅಜ್ಜಿ. ಗುಬ್ಬಿ ಹೋಗಿ ಸಾಲಿನ ಕೊನೆಗೆ ನಿಂತಳು. ಅಜ್ಜಿ ಒಬ್ಬೊಬ್ಬರನ್ನೇ ಕೊಳಕ್ಕೆ ಕಳಿಸಿದರು. ಕೊನೆಯದಾಗಿ ಗುಬ್ಬಿಯ ಸರದಿ ಬಂತು. ಅವಳ ಹಿಂದೆ ಯಾರೂ ಇರಲಿಲ್ಲ. ಅಜ್ಜಿ ಶಾಲು ಮಡಿಸಿ, "ಸರಿ, ಕೌಂಟರ್ ಮುಚ್ಚಿತು" ಎಂದು ಎದ್ದು ನಿಂತರು.

ಗುಬ್ಬಿ ಬಟ್ಟೆ ಎಳೆದಳು. ಪೆಟ್ಟಿಗೆಯ ಮುಚ್ಚಳದ ಮೇಲೆ ನಾನೇ ಬರೆದ ತಲೆಬುರುಡೆ ನಗುತ್ತಿತ್ತು.

ಆದರೆ ಅಧ್ಯಕ್ಷರು ನಿಯಮಾವಳಿಯ ಮನುಷ್ಯರು. ನಿಯಮ ಓದಿ ಎಂದರು. ಓದಿದೆ, ನಾನೇ ಬರೆದದ್ದು: ಪೆಟ್ಟಿಗೆಯನ್ನು ಮೊದಲು ಮುಟ್ಟಿದವರೇ ಕಪ್ತಾನರು. ಹನ್ನೊಂದೂ ಕಾಲಿನಿಂದ ಅದನ್ನು ಮುಟ್ಟಿಕೊಂಡೇ ಇದ್ದವರು ಯಾರೆಂಬುದರಲ್ಲಿ ವಿವಾದವಿರಲಿಲ್ಲ. ಕೊಳದಿಂದ ಹಿಂತಿರುಗಿದ ಐವತ್ತು ಸಂಸಾರಗಳು ಸಾಕ್ಷಿ ನುಡಿದವು. ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ಗರಿಯ ಟೋಪಿ ತೆಗೆದು ಅತ್ತೆಯ ತಲೆಗೆ ಇಟ್ಟರು. ಗುಬ್ಬಿಯ ಮುಖ ಸಣ್ಣದಾಯಿತು.

ಕಪ್ತಾನರು ಟೋಪಿ ಒತ್ತಿ ಕೂರಿಸಿಕೊಂಡು, ಹಡಗಿಗೆ ಸಿಬ್ಬಂದಿ ಬೇಡವೇ ಎಂದು ಕೇಳಿದರು. ಬೇಕು, ನೀವೇ ಆರಿಸಬೇಕು ಎಂದೆ. "ಗಂಟೆಗೆ ಇವಳು" ಎಂದು ಗುಬ್ಬಿಯ ತಲೆ ಮುಟ್ಟಿದರು. ಚುಕ್ಕಾಣಿಗೆ ತಮ್ಮ ಮಗಳನ್ನು ಹಾಕಿದರು. ಇನ್ನೇನಾದರೂ ಇದೆಯೇ ಎಂದರು. ಮೆರವಣಿಗೆಯಲ್ಲಿ ಹಡಗಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ನಡೆಯಲು ಒಬ್ಬ ಕೈದಿ ಬೇಕೆಂದು ಅಧ್ಯಕ್ಷರು ತಿಳಿಸಿದರು.

"ನಮ್ಮ ಅಳಿಯಂದಿರಿದ್ದಾರಲ್ಲ" ಎಂದರು ಅತ್ತೆ. "ನೇರವಾಗಿ ನಡೆಯೋಕೆ ಅವರಿಗೆ ಚೆನ್ನಾಗಿ ಬರುತ್ತೆ."

ಹಾಗೆ ನಕ್ಷೆಯವರು ಒಂದು ಬೂಟಿನಲ್ಲಿ, ಕೈಗೆ ಹಗ್ಗ ಕಟ್ಟಿಸಿಕೊಂಡು, ಹಡಗಿನ ಹಿಂದೆ ಉದ್ಯಾನದ ಸುತ್ತ ಒಂದು ಸುತ್ತು ಬಂದರು. ಮುಂದೆ ಗಂಟೆ ನಿಲ್ಲದೆ ಮೊಳಗುತ್ತಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಟೋಪಿ ತೆಗೆಯದೆ ಕುಳಿತಿದ್ದರು. ನಕ್ಷೆಯವರಿಗೆ ತಡೆಯಲಾಗಲಿಲ್ಲ. ಹೆಂಡತಿಯ ಕಡೆ ಬಾಗಿ, "ನೋಡೇ, ನನ್ನ ಲೆಕ್ಕ ಸರಿಯಾಗೇ ಇತ್ತು" ಎಂದು ಪಿಸುಗುಟ್ಟಿದರು.

"ನಂಗೊತ್ತು. ಟೇಪು ಅಮ್ಮನ ಚಪ್ಪಲಿ ಹತ್ರ ನಿಂತಾಗಲೇ ನೋಡ್ದೆ."

"ಮತ್ತೆ ನೀನಾದ್ರೂ ಏಳಿಸಬಾರದಿತ್ತಾ?"

"ನಾನಾ? ನೀವು ಹನ್ನೊಂದು ವರ್ಷದಿಂದ ಹೆದರ್ತಿದ್ದೀರಿ. ನಾನು ಹುಟ್ಟಿದಾಗಿನಿಂದ."

ಇಬ್ಬರ ನಡುವೆ ನಿದ್ದೆ ಬಂದವಳಂತೆ ಒರಗಿದ್ದ ಗುಬ್ಬಿ ಕಣ್ಣು ಬಿಡದೆ, "ನಂಗೂ ಗೊತ್ತಿತ್ತು ಅಪ್ಪ" ಎಂದಳು. "ಜನ ಸುಳ್ಳು ಹೇಳ್ತಾರೆ, ಟೇಪು ಹೇಳಲ್ಲ ಅಂತ ನೀನೇ ಹೇಳಿದ್ಯಲ್ಲ. ಅದಕ್ಕೇ ಹೋದೆ."

ಇದನ್ನು ಮೆಚ್ಚುಗೆ ಎಂದುಕೊಳ್ಳಬೇಕೋ ಬೇರೇನೋ ಎಂಬುದನ್ನು ನಕ್ಷೆಯವರು ಇಂದಿಗೂ ಅಳೆದು ಮುಗಿಸಿಲ್ಲ.

ಈಗ ಉತ್ಸವದ ನಕ್ಷೆಯನ್ನು ಅವರೇ ಬರೆಯುತ್ತಾರೆ. ಉತ್ತರದ ಬಾಣವಿರುತ್ತದೆ, ಪ್ರಮಾಣವಿರುತ್ತದೆ, ಪೀಪಾಯಿ ಪೀಪಾಯಿಯ ಹಾಗೇ ಇರುತ್ತದೆ. ಈ ವರ್ಷದ್ದನ್ನು ತರಲೆಂದು ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ನಕ್ಷೆಯವರು ಮೇಜಿನ ಮೇಲೆ ಖಾಲಿ ಹಾಳೆ ಹಾಸುತ್ತಿದ್ದರು. ಇನ್ನೂ ಆಗಲಿಲ್ಲವೇ ಎಂದೆ. ಬೆಳಿಗ್ಗೆಯೇ ಮುಗಿಯಿತು, ಶಾಯಿ ಆರಲೆಂದು ಕುರ್ಚಿಯ ಮೇಲೆ ಇಟ್ಟಿದ್ದೆ ಎಂದು ಕಿಟಕಿಯ ಕಡೆ ಕಣ್ಣಲ್ಲೇ ತೋರಿಸಿದರು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತ ಕುಳಿತಿದ್ದರು. ಎದುರಿಗೆ ಮನೆಪಾಠದ ಪುಸ್ತಕ ಹಿಡಿದು ಗುಬ್ಬಿ, ಅವಳ ಹಿಂದೆ ಗುಂಡಿ ಕಿತ್ತ ಅಂಗಿ ಹಿಡಿದು ಅವಳಮ್ಮ.

ಇಷ್ಟಕ್ಕೆ ಇನ್ನೊಂದು ಬರೆಯುವುದೇ, ಏಳಿ ಎಂದು ನಾನು ಕೇಳುತ್ತೇನೆ, ಎಷ್ಟಾದರೂ ಮೇಷ್ಟರಾಗಿದ್ದವನು, ಎಂದು ಎದ್ದು ಹೋದೆ. ಹೋಗಿ ಸಾಲಿನ ಕೊನೆಗೆ ನಿಂತೆ. ನನ್ನ ಸರದಿ ಬಂತು. ಅತ್ತೆ ಕನ್ನಡಕದ ಮೇಲಿಂದ ನೋಡಿ, "ಏನಾಗ್ಬೇಕಿತ್ತು ಮೇಷ್ಟ್ರೆ?" ಎಂದರು.

ಮೊಣಕಾಲು ಈಗ ಹೇಗಿದೆ ಎಂದು ವಿಚಾರಿಸಿದೆ. ವಾಸಿ ಎಂದರು.

ಹಿಂದಿರುಗಿ ಬಂದಾಗ ನಕ್ಷೆಯವರು ಹೊಸ ಹಾಳೆಯ ಮೇಲೆ ಬಗ್ಗಿದ್ದರು. ಉತ್ತರದ ಬಾಣವನ್ನು ಆಗಲೇ ಬರೆದಿದ್ದರು. ನಾನು ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡೆ.